ಗ್ರೈಂಡರಿಗೆ ಜಾಗವಿದ್ದ ವ್ಯಾನು

ಮದ್ರಾಸಿನ ನುಂಗಂಬಾಕ್ಕಂನ ನಮ್ಮ ಬೀದಿಯಲ್ಲಿ ನಾನು ಈಗ ತಲೆ ತಗ್ಗಿಸಿ ನಡೆಯುತ್ತೇನೆ. ಮೊದಲು ಹಾಗಿರಲಿಲ್ಲ. ಬೀದಿಯ ಮೂಲೆಯಲ್ಲಿರುವ ಸಸ್ಯಾಹಾರಿ ಹೋಟೆಲು ನಮ್ಮದು. ಅದರ ಗಲ್ಲೆಯಲ್ಲಿ, ಮುಂದೆ ಹಣದ ಪೆಟ್ಟಿಗೆ ಹಿಂದೆ ದೇವರ ಪಟ ಇಟ್ಟುಕೊಂಡು, ಐತಪ್ಪನೆಂಬ ನಾನು ವಿರಾಜಮಾನನಾಗಿದ್ದರೆ ಸುತ್ತಲಿನ ಆಫೀಸುಗಳ ದೊಡ್ಡ ದೊಡ್ಡವರೂ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು. ಈಗ ಅವರೇ ನನ್ನನ್ನು ಕಂಡೊಡನೆ, "ಎನ್ನ ಸಾರ್, ವ್ಯಾನ್ ಎಪ್ಪಡಿ ಇರುಕ್ಕು?" ಎಂದು ಕೇಳಿ ಬಾಯಿಗೆ ಕರವಸ್ತ್ರ ಹಿಡಿಯುತ್ತಾರೆ. (ವ್ಯಾನು ಚೆನ್ನಾಗಿದೆ. ಕೆಟ್ಟಿರುವುದು ನನ್ನ ಮಾನ.)

ಮೊದಲು ಗಲ್ಲೆಯ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಕೂತವನು ಹಣ ತೆಗೆದುಕೊಳ್ಳುತ್ತಾನೆಂದು ಜನ ತಿಳಿದಿದ್ದಾರೆ. ಅವನು ಹೆಚ್ಚಾಗಿ ತೆಗೆದುಕೊಳ್ಳುವುದು ದೂರು. ಸಾಂಬಾರಿಗೆ ಉಪ್ಪು ಹೆಚ್ಚಾಯಿತು, ಚಟ್ನಿ ನೀರಾಯಿತು, ದೋಸೆ ದಪ್ಪವಾಯಿತು. ಎಲ್ಲದಕ್ಕೂ ನನ್ನ ಹತ್ತಿರ ಇರುವುದು ಒಂದೇ ಉತ್ತರ: "ಅಡುಗೆಯವರು ಹೊಸಬರು ಸಾರ್, ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ." ಗಿರಾಕಿ ಕರಗಿಹೋಗುತ್ತಾನೆ, ಪಾಪ ಹೊಸಬರು ಎನ್ನುತ್ತಾನೆ, ಮರುದಿನ ಮತ್ತೆ ಬರುತ್ತಾನೆ. ಆ ಹೊಸ ಅಡುಗೆಯವರು ನನ್ನ ಹೆಂಡತಿ ವಿಮಲಾ. ಹೋಟೆಲು ಅವಳ ಅಪ್ಪನದು. ಚಟ್ನಿ ಸಾಂಬಾರು ಅವಳ ಕೈಯದು, ಭಟ್ಟರು ಊರಿಗೆ ಹೋದ ದಿನ ದೋಸೆ ಕಾವಲಿಯೂ ಅವಳದು. ಮದುವೆಯಾಗಿ ಇಪ್ಪತ್ತೈದು ವರ್ಷ ಅವಳು ಅಡುಗೆಮನೆಯ ಗೋಡೆಯ ಆಚೆ ನಿಂತು, ತಾನು ಹೊಸಬಳು ಎಂಬುದನ್ನು ದಿನಾ ಕೇಳಿಸಿಕೊಂಡು ಬಂದಿದ್ದಾಳೆ.

ಇಪ್ಪತ್ತೈದನೆಯ ವರ್ಷಕ್ಕೆ ಏನು ಬೇಕೆಂದು ಒಂದು ಮಧ್ಯಾಹ್ನ ಉದಾರವಾಗಿ ಕೇಳಿದೆ.

"ಚಿನ್ನ ಬೇಡ, ಸೀರೆ ಬೇಡ," ಎಂದಳು ವಿಮಲಾ. "ಒಂದು ಬೆಳಿಗ್ಗೆ ಕೊಡಿ. ಒಂದೇ ಒಂದು. ಎದ್ದ ಕೂಡ್ಲೆ ಸಮುದ್ರ ಕಾಣ್ಬೇಕು, ಗ್ರೈಂಡರ್ ಕೇಳ್ಬಾರ್ದು. ಬೇರೆ ಯಾರೋ ಮಾಡಿದ್ದನ್ನು ನಾನು ಕೂತು ತಿನ್ಬೇಕು. ಅಷ್ಟೇ."

"ಅದಕ್ಕೆಂತ, ಪಾಂಡಿಚೇರಿಯಲ್ಲಿ ನಮ್ಮ ನೆಂಟ ಸಂದೇಶನ ಹೋಟೆಲು ಉಂಟಲ್ಲ."

"ಇನ್ನೊಮ್ಮೆ ಹೋಟೆಲಿನ ಹೆಸರೆತ್ತಿದ್ರೆ ನಾನು ಒಬ್ಬಳೇ ಹೋಗುದು."

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಡೆಯ ಹೋಟೆಲಿನವರು ಪ್ರವಾಸ ಹೋಗುವುದೆಂದರೆ ನೆಂಟರ ಹೋಟೆಲಿಗೆ ಹೋಗುವುದು. ನೆಂಟರು ಇಲ್ಲದ ಊರಿಗೆ ನಾವು ಹೋಗುವುದಿಲ್ಲ. ಬಾಡಿಗೆ ಕೊಟ್ಟು ಲಾಡ್ಜಿನಲ್ಲಿ ಮಲಗಿದರೆ ಮೂರು ತಲೆಮಾರಿಗೆ ಸುದ್ದಿಯಾಗುತ್ತದೆ. ಹೋಟೆಲಿನ ಮಹಡಿಯ ಮೇಲೊಂದು ಕೋಣೆ ಕೊಡುತ್ತಾರೆ. ಬೆಳಗಾಗುವ ಮೊದಲೇ ಕೆಳಗಿನಿಂದ ಗ್ರೈಂಡರಿನ ಗರಗರ. ನಾನು ಅವರ ಗಲ್ಲೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ವಿಮಲಾ, "ಸುಮ್ಮನೆ ಒಮ್ಮೆ ನೋಡಿ ಬರ್ತೇನೆ," ಎಂದು ಅವರ ಅಡುಗೆಮನೆಗೆ ಹೋದವಳು ಮಧ್ಯಾಹ್ನ ತೆಂಗಿನಕಾಯಿ ತುರಿಯುತ್ತಾ ಸಿಗುತ್ತಾಳೆ. ಮದುವೆಯಾದ ಹೊಸದರಲ್ಲಿ ಕೊಯಮತ್ತೂರಿನ ಚಿಕ್ಕಪ್ಪನ ಹೋಟೆಲಿಗೆ ಹನಿಮೂನಿಗೆ ಹೋಗಿದ್ದೆವು. ಆ ವಾರ ಅವರ ಭಟ್ಟರಿಗೆ ಜ್ವರ. ಮುಂದಿನದನ್ನು ಕೇಳಬೇಡಿ.

ಹೋಟೆಲು ಬೇಡ, ಸಮುದ್ರ ಬೇಕು. ಈ ಜಟಿಲ ಸಮಸ್ಯೆಯನ್ನು ಬಗೆಹರಿಸಿದ್ದು ನಮ್ಮ ಮಗಳು ವೀಕ್ಷಾಳ ಫೋನು. ಅದರಲ್ಲಿ ಯಾರೋ ಗಂಡಹೆಂಡತಿ ಸರಕಿನ ವ್ಯಾನೊಂದನ್ನು ಕೊಂಡು, ಒಳಗೆ ತಾವೇ ಹಲಗೆ ಬಡಿದು, ಹಾಸಿಗೆ ಹಾಸಿ, ಪರದೆ ಕಟ್ಟಿ, ಬೆಟ್ಟದ ತುದಿಯಲ್ಲಿ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದರು. ನನಗೆ ಜ್ಞಾನೋದಯವಾಯಿತು. ಹೇಗೂ ಹೋಟೆಲಿಗೆ ಸಾಮಾನು ತರಲು ಒಂದು ವ್ಯಾನು ಬೇಕಿತ್ತು. (ಈ ವಾಕ್ಯವನ್ನು ಆಗ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ.) ನಾನು ಎದ್ದು ನಿಂತು ಭೀಷ್ಮನ ಗತ್ತಿನಲ್ಲಿ ಪ್ರತಿಜ್ಞೆ ಮಾಡಿದೆ.

"ಆ ವ್ಯಾನಿನಲ್ಲಿ ನೀನು ಸೌಟು ಮುಟ್ಟುವ ಹಾಗಾದರೆ ನನ್ನ ಹೆಸರು ಐತಪ್ಪ ಅಲ್ಲ."

"ಮಲಗ್ಲಿಕ್ಕೆ ಜಾಗ ಉಂಟಾ ಅಂತ ಸರೀ ನೋಡಿ ತಗೊಳ್ಳಿ," ಎಂದಳು ವಿಮಲಾ. "ಹೆಸರಿನ ವಿಷಯ ಮತ್ತೆ ನೋಡುವ."

ಹಳೆಯ ವ್ಯಾನು ಮಾರುವ ಶಂಕರನಾರಾಯಣ ಎಂಬವರ ಅಂಗಳ ಪಲ್ಲಾವರಂನಲ್ಲಿತ್ತು. ಶುಕ್ರವಾರದ ಸಂತೆಯ ದಿನ. ಹಳೆ ಕುರ್ಚಿ, ಹಳೆ ಫ್ಯಾನು, ಪಾರಿವಾಳ, ಗುಲಾಬಿ ಗಿಡಗಳ ನಡುವೆ ದಾರಿ ಮಾಡಿಕೊಂಡು ಅಪ್ಪ ಮಗಳು ಅಲ್ಲಿಗೆ ತಲುಪಿದೆವು. ವೀಕ್ಷಾಳ ಕೈಯಲ್ಲಿ ಅಳತೆಯ ಟೇಪು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಹೋಗಿದ್ದೆ. ವ್ಯಾನು ಕೊಳ್ಳಲು ಹೋಗುವವನ ಉಡುಪಲ್ಲ ಅದು, ವ್ಯಾನನ್ನು ಉದ್ಘಾಟಿಸಲು ಹೋಗುವವನದು.

ಮೊದಲನೆಯದು ಪಾರ್ಸೆಲ್ ಕಂಪನಿಯೊಂದರ ವ್ಯಾನು. ಎತ್ತರ, ಉದ್ದ, ಒಳಗೆ ಕಸ ಗುಡಿಸಿದ ಹಾಗೆ ಖಾಲಿ. ವೀಕ್ಷಾ ಒಳಗೆ ಹೋಗಿ ನಿಂತಳು, ಕೈ ಚಾಚಿದಳು, ಧೂಳನ್ನೂ ನೋಡದೆ ಮಲಗಿಯೂ ಬಿಟ್ಟಳು. ಅವಳು ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುತ್ತಾಳೆ.

"ಅಪ್ಪಾ, ಇದು ಪರ್ಫೆಕ್ಟ್. ನಿಕ್ಕಲಾಂ, ಪಡುಕ್ಕಲಾಂ."

ನಿಲ್ಲಬಹುದು, ಮಲಗಬಹುದು, ಸರಿಯೇ. ಆದರೆ ನನ್ನ ಕಣ್ಣು ನೆಲದ ಮೇಲಿತ್ತು. ಎರಡು ಕಡೆ ಚಕ್ರದ ಜಾಗದಲ್ಲಿ ನೆಲ ಉಬ್ಬಿಕೊಂಡಿತ್ತು.

"ಇಲ್ಲಿ ಗ್ರೈಂಡರ್ ಸಮ ಕೂತುಕೊಳ್ಳುದಿಲ್ಲ," ಎಂದೆ.

"ಗ್ರೈಂಡರ್ ಎದುಕ್ಕು?" ಎಂದಳು ಮಗಳು.

ಯಾತಕ್ಕೆ ಎಂಬ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಗ್ರೈಂಡರಿಲ್ಲದ ಸೂರಿನ ಕೆಳಗೆ ನಾನು ಈವರೆಗೆ ಒಂದು ರಾತ್ರಿಯೂ ಕಳೆದವನಲ್ಲ. ಚಾಲೂ ಮಾಡದಿದ್ದರೂ ಒಂದು ಧೈರ್ಯಕ್ಕೆ ಇರಬೇಕಲ್ಲ.

ಎರಡನೆಯದು ಎಣ್ಣೂರಿನಿಂದ ಬಂದದ್ದು. ಗೋಡೆಯೊಳಗೆ ದಪ್ಪ ಥರ್ಮೋಕೋಲು, ಹೊರಗೆಷ್ಟು ಬಿಸಿಲಿದ್ದರೂ ಒಳಗೆ ತಂಪು ಎಂದು ಶಂಕರನಾರಾಯಣ ವರ್ಣಿಸುತ್ತಾ ಬಾಗಿಲು ತೆರೆದರು. ಅದು ಹಿಂದೆ ಏನು ಸಾಗಿಸುತ್ತಿತ್ತು ಎಂಬುದನ್ನು ಮೂಗು ತಾನಾಗಿ ತಿಳಿದುಕೊಂಡಿತು. ನಾವೇನು ಮೀನು ಮುಟ್ಟದವರಲ್ಲ, ಭಾನುವಾರ ಮನೆಯಲ್ಲಿ ಬಂಗುಡೆ ಸಾರು ಇಲ್ಲದಿದ್ದರೆ ನನಗೆ ಭಾನುವಾರವೆಂದೇ ಅನಿಸುವುದಿಲ್ಲ. ಆದರೆ ಸಸ್ಯಾಹಾರಿ ಹೋಟೆಲಿನ ಯಜಮಾನ ಮೀನಿನ ವ್ಯಾನಿನಿಂದ ಇಳಿಯುವುದನ್ನು ಗಿರಾಕಿಗಳು ನೋಡಬಾರದು. ಅದೂ ಹೋಯಿತು.

ಮೂರನೆಯದನ್ನು ಕಂಡದ್ದೇ ನಾನು ಕರಗಿ ನೀರಾದೆ. ಬೇಕರಿಯೊಂದರ ವ್ಯಾನು. ಮೋಟು, ಆದರೆ ಅಗಲ. ಒಂದು ಪಕ್ಕದ ಗೋಡೆ ಪೂರ್ತಿ ಮೇಲಕ್ಕೆ ಎತ್ತಬಹುದು. ಎತ್ತಿದರೆ ಒಳಗೆ ಸೊಂಟದ ಎತ್ತರಕ್ಕೆ ಒಂದು ಕಟ್ಟೆ. ನೆಲ ಸಪಾಟು. ಶಂಕರನಾರಾಯಣ ಎತ್ತಿ ಹಿಡಿದಿದ್ದ ಆ ಗೋಡೆಯ ಕೆಳಗೆ ನಿಂತು ನಾನು ಕಣ್ಣಲ್ಲೇ ಸಂಸಾರ ಹೂಡಿಬಿಟ್ಟೆ. ಇಲ್ಲಿ ಒಲೆ, ಇಲ್ಲಿ ಇಡ್ಲಿ ಪಾತ್ರೆ, ಇಲ್ಲಿ ಗ್ರೈಂಡರು, ಆ ಮೂಲೆಯಲ್ಲಿ ನೀರಿನ ಡ್ರಮ್ಮು.

"ಕ್ಯಾಂಪಿಂಗುಕ್ಕಾ ಸಾರ್? ಇದು ಕೊಂಜಂ ಕುಟ್ಟೈ," ಎಂದರು ಶಂಕರನಾರಾಯಣ. ಸ್ವಲ್ಪ ಗಿಡ್ಡ ಎಂದು ಮಾರುವವರೇ ಹೇಳಿದರು. ಅಷ್ಟು ಪ್ರಾಮಾಣಿಕತೆಯನ್ನು ನಾನು ಅನುಮಾನಿಸಿದೆ. ಬೇರೆ ಯಾರಿಗೋ ಕೊಡಲು ಇಟ್ಟುಕೊಂಡಿರಬೇಕು.

ವೀಕ್ಷಾ ಟೇಪು ಬಿಚ್ಚಿದಳು. "ಅಪ್ಪಾ, ಒರು ತಡವೆ ಉಳ್ಳೆ ಪಡುತ್ತು ಪಾರುಂಗ."

ಒಮ್ಮೆ ಒಳಗೆ ಮಲಗಿ ನೋಡಿ ಎನ್ನುತ್ತಾಳೆ. ಸುತ್ತ ಮೆಕ್ಯಾನಿಕ್ಕುಗಳು, ಸಂತೆಗೆ ಬಂದ ಜನ. ಈ ಬಿಳಿ ಪಂಚೆಯಲ್ಲಿ ನಾನು ಹೆಣದ ಹಾಗೆ ಬೇಕರಿ ವ್ಯಾನಿನಲ್ಲಿ ಮಲಗುವುದೇ?

"ಸುಮ್ಮನಿರು ಮಗಾ. ಗೋದಾಮು ತುಂಬಿಸಿದ ಕಣ್ಣಿದು. ಅಮ್ಮ ಒಂದು ಚೀಲ, ನೀನು ಅರ್ಧ, ನಾನು ಒಂದೂವರೆ. ಆರಾಮದಲ್ಲಿ ಹಿಡೀತದೆ."

ಚೀಲದ ಲೆಕ್ಕದಲ್ಲಿ ನಾನು ತಪ್ಪಿದವನೇ ಅಲ್ಲ. ಆದರೆ ಅಕ್ಕಿಯ ಚೀಲವನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದು, ಹೆಂಡತಿಯನ್ನು ಹಾಗೆ ನಿಲ್ಲಿಸಿ ನಿದ್ದೆ ಮಾಡು ಎನ್ನಲಾಗುವುದಿಲ್ಲ. ಇದು ಆಗ ಹೊಳೆಯಲಿಲ್ಲ.

ವೀಕ್ಷಾ ಟೇಪು ಸುತ್ತಿ ಚೀಲಕ್ಕೆ ಹಾಕಿದಳು. "ಅಪ್ಪಾ, ಇದು ಕ್ಯಾಂಪರಾ, ಬ್ರ್ಯಾಂಚಾ?" ಎಂದಳು. ನಾನು ನಕ್ಕು ಮುಂಗಡ ಕೊಟ್ಟೆ.

ಆಮೇಲೆ ಹೋಟೆಲಿನ ಹಿತ್ತಿಲಲ್ಲಿ ವಿಶ್ವಕರ್ಮಾವತಾರ ಶುರುವಾಯಿತು. ಬಡಗಿಯನ್ನು ಕರೆಯಲಿಲ್ಲ. ತಾನೇ ಮಾಡಬೇಕೆಂದು ಫೋನಿನಲ್ಲಿ ಹೇಳಿದ್ದರಲ್ಲ. ಕಟ್ಟೆಗೆ ಹೋಟೆಲಿನ ಹಳೆಯ ಸ್ಟೀಲು ಹೊದಿಸಿದೆ, ಒಲೆ ಕೂರಿಸಿದೆ, ದೋಸೆ ಕಾವಲಿ ಇಟ್ಟೆ. ಗುಜರಿಯಲ್ಲಿದ್ದ ಕಾವಲಿಗಳಲ್ಲಿ ಅದೇ ಚಿಕ್ಕದು, ಒಂದು ಸಲಕ್ಕೆ ಆರು ದೋಸೆ ಮಾತ್ರ ಹಿಡಿಯುವಂಥದ್ದು. ಬಿಸಿಲಿಗೆ ನೆರಳಾಗಲೆಂದು, ಹೋಟೆಲಿನ ಮುಂದೆ ಕಟ್ಟುತ್ತಿದ್ದ ಹಳೆಯ ಫ್ಲೆಕ್ಸ್ ಬ್ಯಾನರನ್ನು ಆ ಎತ್ತುವ ಗೋಡೆಯ ತುದಿಗೆ ಕಟ್ಟಿದೆ. ಬಿಳಿಯ ಬೆನ್ನು ಮೇಲಕ್ಕೆ, ಬಿಸಿಲನ್ನು ಹಿಂದಕ್ಕೆ ತಳ್ಳಲಿ ಎಂದು. ಹಾಗಾಗಿ ಚಿತ್ರಗಳಿದ್ದ ಕಡೆ ಕೆಳಕ್ಕೆ ಬಂತು. ಕೆಳಗೆ ನಿಂತವರಿಗೆ ತಾನೆ ಕಾಣುವುದು ಎಂದುಕೊಂಡೆ. ಹಾಸಿಗೆಯನ್ನು ಕೊನೆಗೆ ಮಾಡುವ ಎಂದು ಬಿಟ್ಟಿದ್ದೆ. ಕೊನೆಗೆ ಬಂದಾಗ ಉಳಿದ ಜಾಗದಲ್ಲಿ ಒಂದು ಮಡಚುವ ಹಲಗೆ ಹಿಡಿಯಿತು. ವಿಮಲಾಗೆ ಏನನ್ನೂ ತೋರಿಸದೆ ಟಾರ್ಪಾಲು ಹೊದಿಸಿದೆ. ಆಶ್ಚರ್ಯಪಡಿಸುವ ಉದ್ದೇಶ. ಅದು ಮಾತ್ರ ಪೂರ್ತಿ ನೆರವೇರಿತು.

ಶನಿವಾರ ನಸುಕಿನಲ್ಲಿ ಮೂವರೂ ಹೊರಟು ಮಹಾಬಲಿಪುರಂ ದಾಟಿ, ರಸ್ತೆಗೂ ಸಮುದ್ರಕ್ಕೂ ನಡುವಿನ ಗಾಳಿಮರದ ತೋಪಿನ ಪಕ್ಕ ನಿಲ್ಲಿಸಿದಾಗ ಸೂರ್ಯ ಆಗಷ್ಟೇ ಮೇಲೆ ಬರುತ್ತಿದ್ದ. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂತು ಹಾಡು ಗುನುಗುತ್ತಿದ್ದ ವಿಮಲಾ ಇಳಿದು ಹಿಂದಿನ ಬಾಗಿಲು ತೆರೆದಳು. ಗುನುಗು ನಿಂತಿತು.

"ಇದು ಎಂತ?"

"ಗ್ರೈಂಡರ್. ನಾನು ಚಾಲೂ ಮಾಡುದಿಲ್ಲ, ಸುಮ್ಮನೆ ಉಂಟು."

"ಆ ಬಕೆಟಿನಲ್ಲಿ?"

"ಹಿಟ್ಟು. ನಮಗೇ, ಮೂರು ಜನಕ್ಕೆ." (ಸತ್ಯ. ಬಕೆಟಿಗಿಂತ ಕಡಿಮೆ ಹಿಟ್ಟನ್ನು ಅಳೆಯುವುದು ನನಗೆ ಗೊತ್ತಿಲ್ಲ.)

"ಮಲಗುದು ಎಲ್ಲಿ?"

ನಾನು ಹಲಗೆ ಬಿಡಿಸಿ ಹಾಸಿಗೆ ಹಾಸಿದೆ. ಅವಳು ಹತ್ತಿ ಮಲಗಿದಳು. ಮೊಣಕಾಲಿನ ತನಕ ವಿಮಲಾ ವ್ಯಾನಿನಲ್ಲಿದ್ದಳು, ಅಲ್ಲಿಂದ ಕೆಳಗಿನವಳು ಚೆಂಗಲ್ಪಟ್ಟು ಜಿಲ್ಲೆಯಲ್ಲಿದ್ದಳು. ಬೈಗುಳಕ್ಕಾಗಿ ಕಾದು ನಿಂತೆ. ಬರಲಿಲ್ಲ.

"ಪರ್ವಾಗಿಲ್ಲ," ಎಂದಳು. "ಬಾಗಿಲು ತೆರೆದಿರ್ಲಿ. ಸಮುದ್ರ ಕಾಣ್ತದೆ. ನೀವೊಂದು ಕಾಫಿ ಮಾಡಿ ತನ್ನಿ, ಹಾಗೇ ಎಂತಾದ್ರೂ ತಿನ್ಲಿಕ್ಕೆ. ನಾನು ಏಳುದಿಲ್ಲ."

ಅವಳು ಬೈದಿದ್ದರೆ ಒಳ್ಳೆಯದಿತ್ತು. ಹೊರಗೆ ಚಾಚಿದ ಆ ಎರಡು ಪಾದಗಳ ಹೆಬ್ಬೆರಳು ನಿಧಾನವಾಗಿ ಆಡುತ್ತಿತ್ತು. ಅಷ್ಟು ಸಂತೋಷದ ಪಾದಗಳನ್ನು ನಾನು ನೋಡಿರಲಿಲ್ಲ. ನಾನು ಉತ್ಸಾಹದಿಂದ ಪಕ್ಕದ ಗೋಡೆ ಎತ್ತಿದೆ, ಫ್ಲೆಕ್ಸ್ ಬಿಡಿಸಿದೆ, ಒಲೆ ಹಚ್ಚಿದೆ. ಕಾಫಿಯ ಪರಿಮಳ ರಸ್ತೆಯ ಕಡೆಗೆ ಹೋಯಿತು.

ಆ ರಸ್ತೆಯಲ್ಲಿ ವಾರದ ಕೊನೆಗೆ ಮದ್ರಾಸಿನ ಸಿರಿವಂತರು ಬಿಗಿ ಚಡ್ಡಿ ಹಾಕಿಕೊಂಡು ಸೈಕಲ್ ಹೊಡೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹತ್ತಿಪ್ಪತ್ತು ಸೈಕಲುಗಳು ಬಂದವು, ನಿಂತವು, ಗಾಳಿಮರಗಳಿಗೆ ಒರಗಿದವು. ಮುಂದಾಳು ಹೆಲ್ಮೆಟ್ ತೆಗೆದು ತಲೆ ಎತ್ತಿ, ಫ್ಲೆಕ್ಸಿನ ಕೆಳಮುಖದಲ್ಲಿ ಹೊಳೆಯುತ್ತಿದ್ದ ಮಸಾಲೆ ದೋಸೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಮ್ಮ ಹೋಟೆಲಿನ ಎದುರಿನ ಬ್ಯಾಂಕಿನ ಮ್ಯಾನೇಜರ್ ಗುರುಚರಣ. ದಿನಾ ಹನ್ನೊಂದಕ್ಕೆ ನಮ್ಮಲ್ಲಿ ಕಾಫಿ ಕುಡಿಯುವವರು.

"ಏನ್ರೀ ಐತಪ್ಪನವರೇ, ಇಲ್ಲೂ ಬ್ರ್ಯಾಂಚ್ ತೆಗೆದುಬಿಟ್ಟಿದೀರಾ? ಒಂದು ಮಾತು ಹೇಳಲೇ ಇಲ್ಲವೇ. ನಮಗೆಲ್ಲ ಒಂದೊಂದು ಪೊಡಿ ದೋಸೆ ಹಾಕಿಸಿ, ಬೇಗ."

ಇಲ್ಲ ಎನ್ನಬೇಕಿತ್ತು. ಇದು ಹೋಟೆಲಲ್ಲ, ನನ್ನ ಹೆಂಡತಿಯ ಬೆಳಗು ಎನ್ನಬೇಕಿತ್ತು. ಆದರೆ ಹೋಟೆಲಿನವನ ಬಾಯಿಗೆ ಇಲ್ಲ ಎಂಬ ಮಾತು ಬರುವುದಿಲ್ಲ. ಅಕ್ಕಿ ಇಲ್ಲ, ಗ್ಯಾಸಿಲ್ಲ, ಭಟ್ಟರಿಲ್ಲ ಎಂದರೂ ನಾವು ಹೇಳುವುದು ಒಂದೇ. ನಾನು ಅದನ್ನೇ ಹೇಳಿದೆ.

"ಕೂತ್ಕೊಳ್ಳಿ ಸಾರ್. ಐದು ನಿಮಿಷ."

ಇನ್ನೊಂದು ವಿಷಯ ನೀವು ತಿಳಿದಿರಬೇಕು. ಇಷ್ಟು ವರ್ಷ ಹೋಟೆಲು ನಡೆಸಿದ ನಾನು ಒಂದು ದೋಸೆಯನ್ನೂ ಹುಯ್ದವನಲ್ಲ. ನನ್ನದು ಗಲ್ಲೆಯ ಕೆಲಸ. ಮೊದಲನೆಯ ದೋಸೆ ಕಾವಲಿಗೆ ಅಂಟಿ ಚೂರುಚೂರಾಯಿತು. ಎರಡನೆಯದು ಸಟ್ಟುಗಕ್ಕೆ ಸುತ್ತಿಕೊಂಡು ಮೇಲೆ ಬಂತು. ಮೂರನೆಯದನ್ನು ಕೆರೆಯುವಾಗ ಆದ ಸದ್ದು, ಹೋಟೆಲಿನಲ್ಲಿ ಹುಟ್ಟಿ ಬೆಳೆದವರು ಮಲಗಿ ಕೇಳುವಂಥದ್ದಲ್ಲ. ಹಿಂಬಾಗಿಲ ಕಡೆ ತಿರುಗಿ ನೋಡಿದೆ. ಹೆಬ್ಬೆರಳು ಆಡುವುದು ನಿಂತಿತ್ತು. ನಂತರ ಪಾದಗಳು ಒಳಗೆ ಸರಿದವು.

ವಿಮಲಾ ಕೂದಲು ಗಂಟು ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡಳು.

"ಬೇಡ ವಿಮಲಾ, ಇವರನ್ನು ಕಳಿಸ್ತೇನೆ," ಎಂದೆ.

"ಹಸಿದು ಬಂದವರನ್ನು ಕೂರಿಸಿ, ಆಮೇಲೆ ಕಳಿಸುದಾ? ನನ್ನಪ್ಪ ಇದ್ದಿದ್ರೆ ನಿಮ್ಮನ್ನು ಕಳಿಸ್ತಿದ್ರು. ಸರೀರಿ ಆಚೆ."

ಆರು ದೋಸೆ ಒಮ್ಮೆಲೇ ಹುಯ್ದಳು. ಅವಳ ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳಿವೆ. ಅವು ನನಗೆ ಗೊತ್ತಿಲ್ಲದವೇನಲ್ಲ. ಆದರೆ ನಮ್ಮ ನಡುವೆ ಯಾವಾಗಲೂ ಒಂದು ಗೋಡೆ ಇರುತ್ತಿತ್ತು, ಅಷ್ಟು ಹತ್ತಿರದಿಂದ, ಬೆಳಕಿನಲ್ಲಿ ನಾನು ನೋಡಿರಲಿಲ್ಲ. "ಒಂದು ಬೆಳಿಗ್ಗೆ ಕೇಳಿದ್ದೆ," ಎಂದಳು, ದೋಸೆಗಳನ್ನು ನೋಡುತ್ತಲೇ, ಯಾರಿಗೂ ಕೇಳದಷ್ಟು ಮೆಲ್ಲಗೆ. ನನಗೆ ನಾಚಿಕೆಯಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ನಾನು ಕಟ್ಟೆಯ ತುದಿಗೆ ಸರಿದೆ, ಕೈ ತಾನಾಗಿ ಒಂದು ಸ್ಟೀಲಿನ ಡಬ್ಬ ಎಳೆದುಕೊಂಡಿತು, ಜನ ಅದಕ್ಕೆ ಹಣ ಹಾಕತೊಡಗಿದರು. ಗಲ್ಲೆ ನನ್ನನ್ನು ಹುಡುಕಿಕೊಂಡು ಅಲ್ಲಿಗೂ ಬಂದಿತ್ತು. ವೀಕ್ಷಾ ಫೋನು ಹಿಡಿದು ಎಲ್ಲವನ್ನೂ ವಿಡಿಯೋ ತೆಗೆಯುತ್ತಿದ್ದಳು. (ಅದನ್ನು ಆಮೇಲೆ ನಮ್ಮ ಬೀದಿಯವರೆಲ್ಲ ನೋಡಿದರು.)

ಇಷ್ಟಕ್ಕೇ ಮುಗಿದಿದ್ದರೆ ನಾನು ಈಗಲೂ ತಲೆ ಎತ್ತಿ ನಡೆಯಬಹುದಿತ್ತು. ಗುರುಚರಣ ಎರಡನೆಯ ದೋಸೆಯ ತಟ್ಟೆ ಹಿಡಿದು ನನ್ನ ಹತ್ತಿರ ಬಂದರು.

"ಐತಪ್ಪನವರೇ, ಇದು ಸ್ವಲ್ಪ ದಪ್ಪ ಆಯಿತಲ್ಲವೇ?"

ದೇವರಾಣೆಗೂ ನಾನು ಯೋಚಿಸಲಿಲ್ಲ. ಬಾಯಿ ತಾನೇ ತೆರೆದುಕೊಂಡಿತು. "ಅಡುಗೆಯವರು ಹೊಸಬರು ಸಾರ್, ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ."

ಹೋಟೆಲಿನಲ್ಲಿ ಇದು ಗೋಡೆಯ ಈಚೆ ಹೇಳುವ ಮಾತು. ವ್ಯಾನಿನಲ್ಲಿ ಗೋಡೆಯನ್ನು ನಾನೇ ಮೇಲಕ್ಕೆ ಎತ್ತಿ ನಿಲ್ಲಿಸಿದ್ದೆ. ವಿಮಲಾಳ ಸೌಟು ನಿಂತಿತು. ಸೈಕಲಿನವರೆಲ್ಲ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ಗುರುಚರಣ ತಟ್ಟೆ ನೋಡಿಕೊಂಡರು. ನನ್ನ ಕಿವಿಯ ತುದಿಯವರೆಗೆ ರಕ್ತ ನುಗ್ಗಿದ್ದು ನನಗೇ ತಿಳಿಯಿತು. ಆ ಹೊತ್ತಿನಲ್ಲಿ ಯಾರಾದರೂ ನನ್ನನ್ನು ಗ್ರೈಂಡರಿನೊಳಗೆ ಹಾಕಿ ಮುಚ್ಚಳ ಮುಚ್ಚಿದ್ದರೆ ಕೃತಜ್ಞನಾಗಿರುತ್ತಿದ್ದೆ.

ವಿಮಲಾ ಮತ್ತೆ ಸೌಟು ಎತ್ತಿದಳು. ಬಂದವರಿಗೆಲ್ಲ ದೋಸೆ ಕೊಟ್ಟು ಮುಗಿಸಿದಳು. ಬಕೆಟಿನ ತಳದಲ್ಲಿ ಉಳಿದ ಹಿಟ್ಟನ್ನು ಒಂದು ಸಣ್ಣ ಡಬ್ಬಕ್ಕೆ ಹಾಕಿ ಐಸಿನ ಪೆಟ್ಟಿಗೆಯಲ್ಲಿಟ್ಟಳು. "ಇದನ್ನು ಮಾರ್ಬೇಡಿ, ನಾಳೆ ಬೆಳಿಗ್ಗೆಗೆ ಬೇಕು," ಎಂದಳು. ಕೈ ತೊಳೆದು, ನನ್ನ ಮುಂದಿದ್ದ ಹಣದ ಡಬ್ಬವನ್ನು ಹಾಗೇ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ವೀಕ್ಷಾ, ಬಾ."

"ಎಲ್ಲಿಗೆ?" ಎಂದೆ.

ರಸ್ತೆಯ ಆಚೆ, ಕಡಲಿಗೆ ಮುಖ ಮಾಡಿದ ಬಾಲ್ಕನಿಗಳಿರುವ ಒಂದು ಲಾಡ್ಜು ಇತ್ತು. ಅವಳು ಅದರ ಕಡೆ ಗಲ್ಲ ಎತ್ತಿ ತೋರಿಸಿದಳು.

"ಹೋಟೆಲು ಬೇಡ ಅಂತ ನೀನೇ ಹೇಳಿದ್ದಲ್ಲ."

"ಅದು ನಿಮ್ಮ ನೆಂಟರದ್ದಲ್ವಲ್ಲ," ಎಂದು ರಸ್ತೆ ದಾಟಿದಳು. ವೀಕ್ಷಾ ಹೋಗುವ ಮೊದಲು ನನ್ನ ಕೈಗೆ ಅಳತೆಯ ಟೇಪು ಕೊಟ್ಟುಹೋದಳು.

ಆ ರಾತ್ರಿ ನಾನು ವ್ಯಾನಿನಲ್ಲಿ ಅಡ್ಡಡ್ಡ, ಓರೆಯಾಗಿ, ಕೊನೆಗೆ ಕಾಲು ಹೊರಗೆ ಚಾಚಿ ಮಲಗಿದೆ. ನಾಯಿಯೊಂದು ಪಾದ ಮೂಸಿ, ಬೇಡವೆಂದು ಹೋಯಿತು.

ಬೆಳಿಗ್ಗೆ ಯಾರೋ ಪಾದಕ್ಕೆ ತಟ್ಟಿದರು. ಸೈಕಲಿನವರೆಂದು ಗಾಬರಿಯಿಂದ ಎದ್ದೆ. ವಿಮಲಾ ನಿಂತಿದ್ದಳು. ತಲೆಗೆ ಸ್ನಾನ ಮಾಡಿ ಕೂದಲು ಹಾಗೇ ಬಿಟ್ಟಿದ್ದಳು, ಮುಖದಲ್ಲಿ ಪೂರ್ತಿ ನಿದ್ದೆಯಾದ ಕಳೆ. ಪ್ಲಾಸ್ಟಿಕ್ ಕುರ್ಚಿಯನ್ನು ಸಮುದ್ರದ ಕಡೆ ತಿರುಗಿಸಿಕೊಂಡು ಕೂತು, ನನ್ನನ್ನು ನೋಡದೆ ಹೇಳಿದಳು.

"ಒಂದು ಸಾದಾ. ಗರಿಗರಿ ಇರ್ಲಿ."

ನಾನು ಒಲೆ ಹಚ್ಚಿದೆ. ಮೊದಲನೆಯದು ಅಂಟಿತು, ಅದನ್ನು ಕಾಗೆಗೆ ಹಾಕಿದೆ. ಎರಡನೆಯದೂ ಕಾಗೆಗೇ ಹೋಯಿತು. ಮೂರನೆಯದು ದೋಸೆಯೆಂದು ಗುರುತು ಹಿಡಿಯುವ ಹಾಗೆ ಬಂತು. ತಟ್ಟೆಯಲ್ಲಿ ಪೊಡಿ, ಎಣ್ಣೆ ಹಾಕಿ ಕೊಟ್ಟು, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಪಕ್ಕದಲ್ಲಿ ನಿಂತೆ. ಅವಳು ಅಲೆಗಳನ್ನು ನೋಡುತ್ತಾ, ಅವಸರವಿಲ್ಲದೆ, ಒಂದು ಚೂರೂ ಬಿಡದೆ ತಿಂದಳು. ಗ್ರೈಂಡರಿನ ಸದ್ದಿಲ್ಲ. ಅವಳು ಕೇಳಿದ ಬೆಳಗು ಇದೇ ಎಂದು ನನಗೆ ಆಗ ಹೊಳೆಯಿತು.

"ಹೇಗಾಗಿದೆ?" ಎಂದೆ.

"ಒಂದು ಕಡೆ ಕರಕಲು, ಒಂದು ಕಡೆ ಹಸಿ," ಎಂದಳು. "ಎಲ್ಲಿ, ಓನರನ್ನು ಕರೀರಿ."

ಕರೆಯಲು ಅಲ್ಲಿ ಬೇರೆ ಯಾರಿದ್ದರು? ನಾನು ಕೈಮುಗಿದು ಎದುರಿಗೆ ಬಂದು ನಿಂತೆ.

"ಅಡುಗೆಯವರು ಹೊಸಬರು ಮೇಡಂ," ಎಂದೆ. "ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಬೇಕು."

ಇಪ್ಪತ್ತೈದು ವರ್ಷದಲ್ಲಿ ಆ ಮಾತು ಮೊದಲ ಸಲ ನಿಜವಾಗಿತ್ತು. ವಿಮಲಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಗು ತಡೆದುಕೊಂಡದ್ದು ತುಟಿಯ ಮೂಲೆಯಲ್ಲಿ ಕಾಣುತ್ತಿತ್ತು. ಖಾಲಿ ತಟ್ಟೆಯನ್ನು ಮುಂದೆ ಹಿಡಿದು, "ಇನ್ನೊಂದು ಹಾಕಿ," ಎಂದಳು.

ಹಿಟ್ಟಿನ ಡಬ್ಬ ಬಗ್ಗಿಸಿ ನೋಡಿದೆ. ಉಳಿದದ್ದೆಲ್ಲ ಕಾಗೆಯ ಹೊಟ್ಟೆಯಲ್ಲಿತ್ತು.

"ಐದು ನಿಮಿಷ ಮೇಡಂ," ಎಂದೆ.